ಮಸುಕು ಸ್ಕ್ರೀನಿನದೋ ಕಣ್ಣಿನದೋ

“ನಾ ಏನ್ ನೋಡ್ತೀನಿ, ಪೇಶಂಟೂ ಅದನ್ನ ನೋಡಬೇಕು. ಅದ ಹೊತ್ತಿಗೆ, ಅದ ಚಿತ್ರ. ಮಾಡಿಕೊಡಾಕ ಬರತೈತೇನು?”

ಕಣ್ಣಿನ ಡಾಕ್ಟರ್ ಫೋನ್ ಮಾಡಿ ಹೀಗೆ ಕೇಳಿದಾಗ ನಾನು ವಿಜಯಪುರದ ನನ್ನ ರಿಪೇರಿ ಅಂಗಡಿಯಲ್ಲಿ ಒಂದು ಪ್ರಿಂಟರಿನ ಹೊಟ್ಟೆ ಬಿಚ್ಚಿಕೊಂಡು ಕುಳಿತಿದ್ದೆ. “ಅದೇನ್ ದೊಡ್ಡದಲ್ರಿ ಬಾಯಾರ. ಒಂದು ಕಂಪ್ಯೂಟರಿಗೆ ಎರಡು ಮಾನಿಟರ್ ಹಚ್ಚೂದು, ಎರಡರಾಗೂ ಒಂದ ಚಿತ್ರ ಬರಂಗ ಮಾಡೂದು. ಅರ್ಧಾ ತಾಸಿನ ಕೆಲಸ” ಎಂದುಬಿಟ್ಟೆ.

ಡಾಕ್ಟರ್ ಬಾಯಿ ಐವತ್ತರ ಆಸುಪಾಸಿನವರು. ವಿಜಯಪುರದಲ್ಲಿ ಅವರ ಸ್ವಂತ ದವಾಖಾನೆ. ವಾರಕ್ಕೊಂದು ದಿನ ತಿಕೋಟಾ, ಇನ್ನೊಂದು ದಿನ ಬಬಲೇಶ್ವರ. ಮೂರೂ ಕಡೆಯ ಕಂಪ್ಯೂಟರುಗಳ ಮೈ ನೋಡಿಕೊಳ್ಳುವವಳು ನಾನು. ವೈರಸ್ ಕಾಟಕ್ಕೆ ಬೇಸತ್ತು ಮೂರಕ್ಕೂ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟಿದ್ದೆ. ತಿಕೋಟಾಕ್ಕೆ ಆಗಷ್ಟೇ ಹೊಸ ಕ್ಯಾಮೆರಾ ಬಂದಿತ್ತು. ಅದರ ಮುಂದೆ ಗದ್ದ ಊರಿ ಕುಳಿತರೆ ಕಣ್ಣಿನ ಒಳಪರದೆಯ ಫೋಟೊ ತೆಗೆಯುತ್ತಿತ್ತು. ಕಂಪ್ಯೂಟರು ಅದನ್ನು ಒಂದು ವೆಬ್‌ಕ್ಯಾಮ್ ಎಂದೇ ತಿಳಿದುಕೊಳ್ಳುತ್ತಿದ್ದರಿಂದ ಲಿನಕ್ಸಿನಲ್ಲಿ ತಕರಾರಿಲ್ಲದೆ ನಡೆಯುತ್ತಿತ್ತು. ಆದರೆ ಚಿತ್ರ ಡಾಕ್ಟರ ಮಾನಿಟರಿನಲ್ಲಿ ಮಾತ್ರ ಕಾಣುತ್ತಿತ್ತು. ಆ ಮಾನಿಟರಿನ ಬೆನ್ನು ರೋಗಿಯ ಕಡೆಗೆ.

“ಸಕ್ಕರಿ ಬ್ಯಾನಿ ಇದ್ದಾವರಿಗೆ ಕಣ್ಣಾಗ ರಕ್ತ ಒಸರತಿರತೈತಿ” ಎಂದು ಡಾಕ್ಟರ್ ಅದೇ ಫೋನಿನಲ್ಲಿ ಹೇಳಿದ್ದರು. “ನೋವ ಇರಂಗಿಲ್ಲ, ಹಿಂಗಾಗಿ ನಂಬಂಗಿಲ್ಲ. ನಾ ಹೇಳಿದ್ದಕ್ಕ ಹೂಂ ಅಂತಾರ, ಎದ್ದ ಹೋಗ್ತಾರ. ಕಣ್ಣ ಪೂರಾ ಕತ್ತಲಾದ ಮ್ಯಾಲ ಬರ್ತಾರ. ತಮ್ಮ ಕಣ್ಣಾರೆ ಒಮ್ಮೆ ನೋಡಿದ್ರ ಮಾತ ಬ್ಯಾರೆ ಆಗತೈತಿ.”

ಬಬಲೇಶ್ವರದ ಕೋಣೆಯಲ್ಲಿ ಒಂದು ಹಳೆಯ ಮಾನಿಟರ್ ಸುಮ್ಮನೆ ಬಿದ್ದಿತ್ತು. ಅದನ್ನೇ ಹಚ್ಚಿದರಾಯಿತು ಎಂದು ತರಿಸಿಕೊಂಡು, ಕೌದಿಯಲ್ಲಿ ಸುತ್ತಿ, ಸ್ಕೂಟಿಯ ಮುಂದೆ ಕಾಲಿನ ನಡುವೆ ಇಟ್ಟುಕೊಂಡು ಬೆಳಿಗ್ಗೆಯೇ ತಿಕೋಟಾಕ್ಕೆ ಹೊರಟೆ. ಡಾಕ್ಟರ್ ಮಧ್ಯಾಹ್ನದ ಹೊತ್ತಿಗೆ ತಮ್ಮ ಕಾರಿನಲ್ಲಿ ಬರುವವರಿದ್ದರು. ಅಷ್ಟರೊಳಗೆ ಮುಗಿಸಿಡುವುದಾಗಿ ಮಾತು ಕೊಟ್ಟಿದ್ದೆ.

ದವಾಖಾನೆ ಇರುವುದು ದ್ರಾಕ್ಷಿ ಬೆಳೆಗೆ ಹೊಡೆಯುವ ಔಷಧಿ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗಲೇ ಮೂಗಿಗೆ ಗಂಧಕದ ವಾಸನೆ ಹೊಡೆಯುತ್ತದೆ. ಬೀಗ ತೆಗೆದವರು ಅಲ್ಲಿನ ಸಿಸ್ಟರ್. ನಿಡೋಣಿ ಊರಿನವರು. ಡಾಕ್ಟರ ಜತೆ ವರ್ಷಗಟ್ಟಲೆ ಕೆಲಸ ಮಾಡಿದವರು. ಕ್ಯಾಮೆರಾ ನಡೆಸುವುದನ್ನೂ ಅವರೇ ಕಲಿತಿದ್ದರು.

ಕಂಪ್ಯೂಟರಿನ ಹಿಂದೆ ಮಾನಿಟರ್ ಸಿಕ್ಕಿಸುವ ಎರಡು ಕಿಂಡಿಗಳಿದ್ದವು. ಹೊಸ ಮಾದರಿಯದರಲ್ಲಿ ಡಾಕ್ಟರ ಅಗಲ ಮಾನಿಟರ್ ಇತ್ತು. ಹಳೆಯ ನೀಲಿ ಕಿಂಡಿಗೆ ಉದ್ದನೆಯ ಕೇಬಲ್ ಸಿಕ್ಕಿಸಿ, ಗೋಡೆಯಗುಂಟ ಎಳೆದು, ಕಪಾಟಿನ ಹಿಂದಿನಿಂದ ಹಾಯಿಸಿ, ರೋಗಿಯ ಕುರ್ಚಿಯ ಎದುರಿನ ಗೋಡೆಯಲ್ಲಿ ಹಳೆಯ ಮಾನಿಟರನ್ನು ಕೂರಿಸಿದೆ. ಕಂಪ್ಯೂಟರ್ ಚಾಲೂ ಮಾಡಿದೆ. ಡಾಕ್ಟರದು ಬೆಳಗಿತು. ಇದು ಕಪ್ಪಗೇ ಉಳಿಯಿತು.

ಸೆಟ್ಟಿಂಗಿನಲ್ಲಿ ನೋಡಿದರೆ ಎರಡನೆಯ ಮಾನಿಟರ್ ಇದೆ ಎನ್ನುವುದೇ ಕಂಪ್ಯೂಟರಿಗೆ ಗೊತ್ತಿರಲಿಲ್ಲ. ಪ್ರತಿಯೊಂದು ಮಾನಿಟರೂ ತನ್ನ ಗುರುತನ್ನು, ತನಗೆ ಒಗ್ಗುವ ಅಳತೆಗಳನ್ನು ಕೇಬಲಿನೊಳಗಿನ ಸಣ್ಣ ತಂತಿಯ ಮೂಲಕ ತಾನೇ ಹೇಳಿಕೊಳ್ಳುತ್ತದೆ. ಕೇಬಲ್ ಬಿಚ್ಚಿ ನೋಡಿದೆ. ತುದಿಯಲ್ಲಿ ಒಂದು ಸೂಜಿ ಮುರಿದಿತ್ತು. ಬಣ್ಣಗಳನ್ನು ಹೊರುವ ಸೂಜಿಗಳು ಗಟ್ಟಿ ಇದ್ದವು, ಗುರುತು ಹೇಳುವ ಸೂಜಿ ಹೋಗಿತ್ತು. ಅಷ್ಟು ಉದ್ದದ ಕೇಬಲ್ ತಿಕೋಟಾದಲ್ಲಿ ಸಿಗುವಂತಿರಲಿಲ್ಲ. ಮತ್ತೆ ವಿಜಯಪುರಕ್ಕೆ ಹೋಗಿ ಬರುವಷ್ಟರಲ್ಲಿ ಡಾಕ್ಟರ್ ಬಂದೇಬಿಡುತ್ತಿದ್ದರು.

ಮಾನಿಟರ್ ಹೇಳಿಕೊಳ್ಳದಿದ್ದರೆ ಅದರ ಪರವಾಗಿ ನಾವೇ ಹೇಳಬಹುದು. ಕಂಪ್ಯೂಟರಿನಲ್ಲಿ ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು, ನೀಲಿ ಕಿಂಡಿಯಲ್ಲಿ ಒಂದು ಮಾನಿಟರ್ ಇದೆ, ಅದರ ಅಳತೆ ಇಷ್ಟು, ಸೆಕೆಂಡಿಗೆ ಇಷ್ಟು ಸಲ ಚಿತ್ರ ಕಳಿಸು ಎಂದು ಒಂದೊಂದೇ ಆಜ್ಞೆ ಬರೆದೆ. ಎರಡು ಸಲ ತಪ್ಪಿತು; ಮಾನಿಟರ್ ಕಣ್ಣು ಮಿಟುಕಿಸಿ ಮತ್ತೆ ಮಲಗಿತು. ಮೂರನೆಯ ಸಲ ಬೆಳಗಿತು. ಸಿಸ್ಟರ್ ಚಪ್ಪಾಳೆ ತಟ್ಟಿದರು.

ಸಮಸ್ಯೆ ಮುಗಿದಿರಲಿಲ್ಲ. ಎರಡೂ ಮಾನಿಟರಿಗೆ ಒಂದೇ ಚಿತ್ರ ಎಂದು ಸೆಟ್ಟಿಂಗಿನಲ್ಲಿ ಒತ್ತಿದರೆ ಕಂಪ್ಯೂಟರು ಎರಡಕ್ಕೂ ಹೊಂದುವ ಒಂದು ಸಣ್ಣ ಅಳತೆಯನ್ನು ಹಿಡಿಯಿತು. ಅಗಲ ಮಾನಿಟರಿನ ಮೇಲೆ ಎಲ್ಲವೂ ಅಡ್ಡಡ್ಡ ಹಿಗ್ಗಿತು. ಹಿಂದೆ ತೆಗೆದಿಟ್ಟಿದ್ದ ಯಾರದೋ ಕಣ್ಣಿನ ಫೋಟೊವನ್ನು ಸಿಸ್ಟರ್ ತೆರೆದು ನೋಡಿ, “ಅಯ್ಯ, ಇದೇನ್ರೀ ಅಕ್ಕಾರ, ಕಣ್ಣ ತತ್ತಿ ಆಗೈತಿ!” ಎಂದು ನಕ್ಕರು.

ನಗುವ ಮಾತಲ್ಲ ಎಂದು ನನಗೆ ಗೊತ್ತಿತ್ತು. ಕಣ್ಣೊಳಗೆ ದುಂಡಗಿರಬೇಕಾದ್ದು ದುಂಡಗೇ ಕಾಣಬೇಕು, ಆ ಆಕಾರ ನೋಡಿಯೇ ತಾವು ಎಷ್ಟೋ ರೋಗ ಹಿಡಿಯುವುದು ಎಂದು ಡಾಕ್ಟರ್ ಮೊದಲೇ ಎಚ್ಚರಿಸಿದ್ದರು. ಹಾಗಾಗಿ ಬೇರೆ ದಾರಿ ಹಿಡಿದೆ. ಡಾಕ್ಟರ ಮಾನಿಟರಿಗೆ ಅದರ ಸ್ವಂತ ಪೂರ್ತಿ ಅಳತೆ ಕೊಟ್ಟೆ. ಅದೇ ಚಿತ್ರವನ್ನು ಆಕಾರ ಕೆಡದಂತೆ ಕುಗ್ಗಿಸಿ ಹಳೆಯದರೊಳಗೆ ಕೂರಿಸಿದೆ. ಹಳೆಯದು ಹೆಚ್ಚುಕಡಿಮೆ ಚೌಕಾಕಾರದ್ದಾದ್ದರಿಂದ ಕೆಳಗೆ ಒಂದು ಕಪ್ಪು ಪಟ್ಟಿ ಉಳಿಯಿತು. ದೊಡ್ಡ ಚಿತ್ರವನ್ನು ಕುಗ್ಗಿಸಿದ್ದಕ್ಕೆ ಅಕ್ಷರಗಳ ಅಂಚುಗಳು ತುಸು ಮಸುಕಾದವು. ರೋಗಿಗೆ ತೋರಿಸಲು ಅಷ್ಟು ಸಾಕು ಎಂದುಕೊಂಡೆ.

ಅಷ್ಟರಲ್ಲಿ ಕರೆಂಟು ಹೋಯಿತು. ಬಂದ ಮೇಲೆ ನೋಡಿದರೆ ಹಳೆಯ ಮಾನಿಟರ್ ಮತ್ತೆ ಕಪ್ಪು. ನಾನು ಹೇಳಿದ್ದನ್ನೆಲ್ಲ ಕಂಪ್ಯೂಟರ್ ಮರೆತಿತ್ತು. ಆಜ್ಞೆಗಳನ್ನೆಲ್ಲ ಒಂದು ಕಡತದಲ್ಲಿ ಬರೆದು, ಪ್ರತಿ ಸಲ ಚಾಲೂ ಆದಾಗಲೂ ತಾನಾಗಿಯೇ ಓದಿಕೊಳ್ಳುವಂತೆ ಮಾಡಿದೆ. ಬೇಕೆಂತಲೇ ವೈರು ಕಿತ್ತು, ಹಚ್ಚಿ, ನೋಡಿದೆ. ಎರಡೂ ಒಟ್ಟಿಗೆ ಬೆಳಗಿದವು. “ಈಗ ಒಂದಕ್ಕೊಂದು ಕನ್ನಡಿ ಇದ್ದಂಗ ನೋಡ್ರಿ” ಎಂದೆ.

“ಕನ್ನಡಿ ಇದ್ದಂಗ ಅಂದ್ರಿ. ಹಂಗಾರ ಎಡಗಣ್ಣ ಬಲಗಣ್ಣ ಅದಲಬದಲ ಆಗಂಗಿಲ್ಲೇನ್ರಿ?” ಎಂದು ಸಿಸ್ಟರ್ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಕ್ಯಾಮೆರಾದ ಮುಂದೆ ಕಣ್ಣಿಗೆ ಹಾಕುವ ಔಷಧಿಯ ಒಂದು ಪೆಟ್ಟಿಗೆ ಹಿಡಿದೆ. ಎರಡೂ ಮಾನಿಟರಿನಲ್ಲಿ ಅದರ ಹೆಸರು ನೆಟ್ಟಗೇ ಓದಲು ಬಂತು.

ಡಾಕ್ಟರ್ ಬಂದಾಗ ಮೆಟ್ಟಿಲ ಮೇಲೆ ರೋಗಿಗಳು ಕುಳಿತಿದ್ದರು. ಕಾರಿನ ಚಾವಿ ಮೇಜಿನ ಮೇಲಿಟ್ಟು, ಎರಡೂ ಕಡೆ ನೋಡಿ, “ಭೇಷ್” ಎಂದರು. “ಪೇಶಂಟ್ ಕರಿಯೂಕಿಂತ ಮೊದಲ ನಮ್ಮೊಳಗ ಯಾರದರ ಹಿಡದ ನೋಡೂಣು.”

“ನಂದ ಹಿಡೀರಿ” ಎಂದರು ಸಿಸ್ಟರ್.

“ನೀ ಕುಂತ್ರ ಕ್ಯಾಮೆರಾ ಯಾರ ಹಿಡೀತಾರ? ನಾ ಕುಂಡ್ರತೀನಿ. ಪೇಶಂಟ್ ಕುರ್ಚಿ ಮ್ಯಾಲ ಕುಂತ್ರ ಹೆಂಗ ಕಾಣತೈತಿ, ನನಗೂ ತಿಳೀಲಿ.”

ಅವರು ಕನ್ನಡಕ ತೆಗೆದು ಕೊಟ್ಟು ಗದ್ದ ಊರಿದರು. ಸಿಸ್ಟರ್ ಬಲಗಣ್ಣು ಹಿಡಿದು ಗುಂಡಿ ಒತ್ತಿದರು, ಮಿಂಚಿತು. ಎಡಗಣ್ಣು, ಮತ್ತೆ ಮಿಂಚಿತು. ಎರಡು ಕಿತ್ತಳೆ ಬಣ್ಣದ ದುಂಡು ಚಿತ್ರಗಳು ಪಕ್ಕಪಕ್ಕದಲ್ಲಿ ನಿಂತವು. ನಾನು ಡಾಕ್ಟರ ಮಾನಿಟರಿನ ಬಳಿ ನಿಂತು ಎರಡೂ ಮಾನಿಟರಿನಲ್ಲಿ ಒಂದೇ ಸಲ ಬಂದವೇ ಎಂದಷ್ಟೇ ನೋಡುತ್ತಿದ್ದೆ. ಬಂದಿದ್ದವು. ಮನಸ್ಸಿನಲ್ಲೇ ಹಿಗ್ಗಿದೆ.

ಡಾಕ್ಟರ್ ಕನ್ನಡಕ ಹಾಕಿಕೊಂಡು ಎದುರಿನ ಗೋಡೆ ನೋಡಿದರು. ಏನಾದರೂ ಅಂದಾರು ಎಂದು ಕಾದೆ. ಅವರು ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು. ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

“ಇದು ನಂದಾ?”

“ನಿಮ್ದರೀ ಬಾಯಾರ. ಈಗ ಹಿಡದದ್ದು” ಎಂದರು ಸಿಸ್ಟರ್.

“ಏನವಾ, ನಿನ್ನ ಸ್ಕ್ರೀನ್ ಮಸಕ ಐತಲ್ಲ.” ಅದು ನನಗೆ ಹೇಳಿದ್ದು.

“ಹೌದ್ರಿ. ದೊಡ್ಡ ಚಿತ್ರಾನ ಸಣ್ಣದರಾಗ ಕೂಡ್ಸೇನ್ರಿ. ಆ ಕಡೀದು ಸ್ವಲ್ಪ ಮಸಕ ಬರತೈತಿ. ನಿಮ್ಮ ಕಡೀದು ಚಲೋ ಐತ್ರಿ.”

ಅವರು ಎದ್ದರು. ಎದ್ದವರು ಒಂದು ಗಳಿಗೆ ಮೇಜಿನ ಅಂಚು ಹಿಡಿದು ಕಣ್ಣು ಮುಚ್ಚಿ ನಿಂತರು. ಆಮೇಲೆ ಈ ಕಡೆ ಬಂದು ತಮ್ಮ ಮಾನಿಟರಿಗೆ ಮುಖ ಹತ್ತಿರ ಒಯ್ದರು.

“ಇದರಾಗೂ ಮಸಕ” ಎಂದರು.

ನನಗೆ ಮಸುಕು ಕಾಣಲೇ ಇಲ್ಲ. ಕೆಂಪು ರಕ್ತನಾಳಗಳು ಮರದ ಟೊಂಗೆಗಳಂತೆ ಸ್ವಚ್ಛವಾಗಿ ಕಾಣುತ್ತಿದ್ದವು. ಹಾಗೆಂದೆ. ಅವರು ಬೆರಳಿನಿಂದ ಒಂದು ಜಾಗ ತೋರಿಸಿದರು. ಆ ನಾಳಗಳೆಲ್ಲ ಬಂದು ಸೇರುವ ಒಂದು ಹಳದಿ ಬಿಲ್ಲೆ. “ನೋಡಿಲ್ಲೆ. ಮಿದುಳಿಂದ ನರ ಒಳಗ ಬರೂ ಜಾಗಾ ಇದು. ಹರಿವಾಣದ ಅಂಚಿನಂಗ ಇದರ ಅಂಚ ಸ್ವಚ್ಛ ಕಾಣಬೇಕು. ಇಲ್ಲೆ ಅಂಚ ಎಲ್ಲೈತಿ ಹೇಳು?”

ಅಂಚು ಇರಲಿಲ್ಲ. ಹಸಿ ಬೆರಳಿನಿಂದ ಅರಿಶಿನವನ್ನು ಸವರಿದಂತೆ ಬಿಲ್ಲೆ ಸುತ್ತಲಿನ ಕಿತ್ತಳೆಯಲ್ಲಿ ಕರಗಿಹೋಗಿತ್ತು. ಪಕ್ಕದಲ್ಲಿ ಎರಡು ಸಣ್ಣ ಕೆಂಪು ಗೀರುಗಳಿದ್ದವು. ಎರಡೂ ಕಣ್ಣಿನಲ್ಲಿ ಹಾಗೆಯೇ.

“ನಿನ್ನ ಜೋಡಣಿ ಒಳಗ ಏನೋ ಹೆಚ್ಚುಕಡಿಮಿ ಆಗೈತಿ. ತಗದು ಮತ್ತ ಮಾಡು” ಎಂದರು ಡಾಕ್ಟರ್. ದನಿ ಗಡುಸಾಗಿತ್ತು. ಆದರೆ ಅವರ ಬೆರಳು ಆ ಬಿಲ್ಲೆಯ ಮೇಲಿಂದ ಸರಿದಿರಲಿಲ್ಲ. ಆಗಲೇ ಇದು ಕಂಪ್ಯೂಟರಿನ ಮಾತಲ್ಲ ಎಂದು ಹೇಗೋ ಹೊಳೆಯಿತು.

ಆದರೂ ಅದು ಕಂಪ್ಯೂಟರಿನದೇ ಆಗಿರಲಿ ಎಂದು ಕೈ ಬೇಗ ಬೇಗ ಓಡಿತು. ನನ್ನ ಕೆಲಸ ಕೆಟ್ಟಿರಲಿ ಎಂದು ನಾನೇ ದೇವರಿಗೆ ಹರಕೆ ಹೊತ್ತದ್ದು ಅದೊಂದೇ ಸಲ. ಮೊದಲು ಕುಗ್ಗಿಸುವ ಆಜ್ಞೆ ತೆಗೆದೆ. ಹಳೆಯ ಮಾನಿಟರಿನ ಕೇಬಲನ್ನೇ ಕಿತ್ತು ಬದಿಗಿಟ್ಟೆ. ಕಂಪ್ಯೂಟರನ್ನು ಹೊಸದಾಗಿ ಚಾಲೂ ಮಾಡಿ, ಒಂದೇ ಮಾನಿಟರ್, ಅದರ ಸ್ವಂತ ಅಳತೆ, ಚಿತ್ರದ ಒಂದು ಚುಕ್ಕೆಗೆ ಮಾನಿಟರಿನ ಒಂದು ಚುಕ್ಕೆ, ಹಿಗ್ಗಿಲ್ಲ, ಕುಗ್ಗಿಲ್ಲ, ಹಾಗೆ ನಿಲ್ಲಿಸಿದೆ. ಕ್ಯಾಮೆರಾದ ಗಾಜನ್ನು ಸಿಸ್ಟರ್ ಒರೆಸಿದರು. ಡಾಕ್ಟರ್ ಮತ್ತೆ ಗದ್ದ ಊರಿದರು.

ಮತ್ತೆ ಅದೇ ಚಿತ್ರ. ರಕ್ತನಾಳಗಳು ಸ್ವಚ್ಛ, ಬಿಲ್ಲೆಯ ಅಂಚು ಮಾತ್ರ ಇಲ್ಲ.

“ಕ್ಯಾಮೆರಾದ್ದ ಇರಬಹುದ್ರಿ” ಎಂದೆ. ಹಾಗೆ ಹೇಳುವಾಗ ನನಗೇ ನಂಬಿಕೆ ಇರಲಿಲ್ಲ.

“ಹಂಗಾರ ನೀ ಕೂಡು.”

ಕುಳಿತೆ. ಗದ್ದದ ಕೆಳಗೆ ಪ್ಲಾಸ್ಟಿಕ್ಕು ಇನ್ನೂ ಬೆಚ್ಚಗಿತ್ತು, ಅವರು ಆಗಷ್ಟೇ ಎದ್ದಿದ್ದರು. ಬೆಳಕು ಮಿಂಚಿ ಕಣ್ಣಲ್ಲಿ ಹಸಿರು ಕಲೆ ಕುಣಿಯಿತು. ಅದು ಆರುವ ಮೊದಲೇ ಎದ್ದು ಮಾನಿಟರಿನ ಬಳಿ ಬಂದೆ. ನನ್ನ ಕಣ್ಣೊಳಗಿನ ಬಿಲ್ಲೆ ಕತ್ತರಿಸಿ ಅಂಟಿಸಿದ ಕಾಗದದಂತೆ, ಕೂದಲೆಳೆಯಷ್ಟೂ ಮಸುಕಿಲ್ಲದೆ ಕುಳಿತಿತ್ತು. ಅದೇ ಕ್ಯಾಮೆರಾ, ಅದೇ ಕೇಬಲ್, ಅದೇ ಮಾನಿಟರ್. ಆರೋಗ್ಯವಂತ ಕಣ್ಣು ಹೀಗಿರುತ್ತದೆ ಎಂದು ನಾನು ಮೊದಲ ಸಲ ನೋಡಿದ್ದು. ನೋಡಿ ಸಂತೋಷಪಡಲು ಆಗಲಿಲ್ಲ. ಅಳು ಬಂತು.

ಹೊರಗೆ ಮೆಟ್ಟಿಲ ಮೇಲೆ ಯಾರೋ ಕೆಮ್ಮಿದರು.

“ನಿಜಾ ಹೇಳವಾ” ಎಂದರು ಡಾಕ್ಟರ್ ನನ್ನನ್ನೇ ನೋಡುತ್ತ. “ಮಸಕ ಸ್ಕ್ರೀನಿಂದೇನು, ಕಣ್ಣಿಂದೇನು?”

ಅವರಿಗೆ ಉತ್ತರ ಗೊತ್ತಿತ್ತು. ನನಗಿಂತ ಸಾವಿರ ಪಾಲು ಚೆನ್ನಾಗಿ ಗೊತ್ತಿತ್ತು. ಆದರೂ ಕೇಳಿದರು, ಮತ್ತು ಕೇಳಿದ ರೀತಿಯಲ್ಲಿ ಒಂದು ಸಂದು ಇತ್ತು. ಇನ್ನೂ ಒಂದು ಸಲ ನೋಡ್ತೀನ್ರಿ, ಕೇಬಲ್ ಬದಲಿಸಿ ಮುಂದಿನ ವಾರ ಹಿಡಿಯೂಣ್ರಿ ಎಂದಿದ್ದರೆ ಅವರು ಆ ಸಂದಿನಲ್ಲಿ ನುಸುಳಿ ಹೊರಗಿನ ರೋಗಿಗಳನ್ನು ಕರೆದು ಕೆಲಸ ಶುರು ಮಾಡುತ್ತಿದ್ದರು ಎಂದು ನನಗೆ ಇಂದಿಗೂ ಅನಿಸುತ್ತದೆ. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅವರ ಎದುರು ನಿಂತು ಬೇರೆ ಮಾತು ಹೇಳಲು ನಾನು ಯಾರು ಎಂಬ ಅಳುಕು.

“ಸ್ಕ್ರೀನಿಂದಲ್ರಿ ಬಾಯಾರ” ಎಂದೆ. “ನನ್ನ ಕೆಲಸದಾಗ ತಪ್ಪ ಇಲ್ರಿ.”

ಕೆಲಸದಲ್ಲಿ ತಪ್ಪಿಲ್ಲ ಎನ್ನುವ ಮಾತು ಅಷ್ಟು ಕ್ರೂರವಾಗಿ ಕೇಳಿಸಬಹುದು ಎಂದು ನಾನು ಎಣಿಸಿರಲಿಲ್ಲ.

ಅವರು ತಲೆಯಾಡಿಸಿ ರೋಗಿಯ ಕುರ್ಚಿಯಲ್ಲೇ ಮತ್ತೆ ಕುಳಿತರು. “ತಲಿಯೊಳಗ ಒತ್ತಡ ಹೆಚ್ಚಾದ್ರ ಹಿಂಗ ನರಕ್ಕ ಬಾವ ಬರತೈತಿ” ಎಂದು ಪಾಠ ಹೇಳುವಂತೆ ಸಾವಕಾಶ ಹೇಳಿದರು. “ಯಾಕ ಹೆಚ್ಚಾಗೈತಿ ಅನ್ನೂದು ಸ್ಕ್ಯಾನ್ ಮಾಡಿದ್ರ ತಿಳಿತೈತಿ. ಗಡ್ಡಿ ಇರಬಹುದು.”

ಸಿಸ್ಟರ್ ಈಗ ಒಮ್ಮೆಲೆ ಸಿಟ್ಟಿಗೆದ್ದರು. “ಎದ್ದಾಗೊಮ್ಮೆ ಕಣ್ಣಿಗೆ ಕತ್ತಲಿ ಬರತಿತ್ತು ನಿಮಗ. ಮೇಜ ಹಿಡಕೊಂಡ ನಿಂದರತಿದ್ರಿ. ನಾ ಕೇಳಿದ್ರ ಬಿಪಿ ಅಂದ್ರಿ. ತಲಿ ನೋವ ಅಂದ್ರ ಬಿಸಲ ಅಂದ್ರಿ. ಬ್ಯಾರೆ ಪೇಶಂಟ್ ಹಂಗಂದಿದ್ರ ನೀವ ಸುಮ್ನ ಬಿಡತಿದ್ರೇನ್ರಿ?”

“ಬಿಡತಿರಲಿಲ್ಲ” ಎಂದರು ಡಾಕ್ಟರ್. ಆಮೇಲೆ ಅವರು ಕೇಳಿದ್ದು ಹೊರಗೆ ಎಷ್ಟು ಜನ ಇದ್ದಾರೆ ಎಂದು. ನೋಡಿಯೇ ಹೋಗೋಣ ಎನ್ನುವ ಧಾಟಿ. ಸಿಸ್ಟರ್ ಉತ್ತರ ಕೊಡದೆ ಹೊರಗೆ ಹೋದರು. “ಇವತ್ತ ಬಾಯಾರಿಗೆ ಆರಾಮಿಲ್ರಿ. ಮುಂದಿನ ವಾರ ಬರ್ರಿ” ಎನ್ನುವ ಅವರ ಮಾತು ಕೇಳಿಸಿತು. ಒಬ್ಬ ಮುದುಕ ಘೋಣಸಗಿಯಿಂದ ಬಸ್ಸು ಹಿಡಿದು ಬಂದಿದ್ದೇನೆ ಎಂದು ತಕರಾರು ತೆಗೆದ. ಸಿಸ್ಟರ್ ಏನೋ ಸಣ್ಣ ದನಿಯಲ್ಲಿ ಹೇಳಿದರು. ಮುದುಕನ ದನಿ ಇಳಿಯಿತು. “ಹೌದಾ? ನಮ್ಮ ಬಾಯಾರಿಗಾ?” ಎಂದಷ್ಟೇ ಕೇಳಿ ಅವನು ಮೆಟ್ಟಿಲಿಳಿದ.

ಡಾಕ್ಟರ್ ಕಾರಿನ ಚಾವಿ ನನ್ನ ಕಡೆ ಚಾಚಿದರು. “ನಾ ಇನ್ನ ಗಾಡಿ ಹೊಡೀಬಾರದು. ಇಲ್ಲೀತನಕ ಹೊಡಕೊಂಡ ಬಂದೇನಿ, ಅದನ್ನ ನೆನಸಿದ್ರ ಜೀವ ಝಲ್ ಅಂತೈತಿ.”

ತಿಕೋಟಾದಿಂದ ವಿಜಯಪುರದ ದಾರಿಯಲ್ಲಿ ನಾನು ಎಷ್ಟೋ ಸಲ ಓಡಾಡಿದ್ದೇನೆ. ಆ ದಿನ ರಸ್ತೆಯೇ ಬೇರೆಯಾಗಿತ್ತು. ಎದುರಿಗೆ ಬರುವ ಪ್ರತಿ ಟ್ರ್ಯಾಕ್ಟರಿಗೂ ಹೆದರುತ್ತಿದ್ದೆ. ಡಾಕ್ಟರ್ ಪಕ್ಕದಲ್ಲಿ ಕುಳಿತು ಗಂಡನಿಗೆ ಫೋನ್ ಮಾಡಿದರು. ಅವರು ಕಾಲೇಜಿನಲ್ಲಿ ಪಾಠ ಹೇಳುವವರು. “ಒಂದು ಸ್ಕ್ಯಾನ್ ಮಾಡಿಸೂದೈತಿ, ಬರ್ರಿ. ಏನಿಲ್ಲ, ಗಾಬರಿ ಆಗಬ್ಯಾಡ್ರಿ” ಎಂದು ಹೇಳಿ ಫೋನ್ ಇಟ್ಟ ಮೇಲೆ ಬಹಳ ಹೊತ್ತು ದ್ರಾಕ್ಷಿ ಒಣಗಿಸುವ ಶೆಡ್ಡುಗಳ ಕಡೆ ನೋಡುತ್ತ ಕುಳಿತರು.

“ಪೇಶಂಟಿಗೆ ನಾನೂ ಹಿಂಗ ಹೇಳ್ತೀನಿ. ಏನಿಲ್ಲ, ಗಾಬರಿ ಆಗಬ್ಯಾಡ್ರಿ ಅಂತ” ಎಂದರು. “ಅದನ್ನ ಕೇಳಿದಾವರಿಗೆ ಹೆಂಗ ಅನಸತಿತ್ತೋ ಏನೋ.”

ನಾನು ಗೇರು ಬದಲಿಸಿದೆ.

ಸ್ಕ್ಯಾನಿಂಗ್ ಕೇಂದ್ರಕ್ಕೆ ಅವರ ಯಜಮಾನರು ನಮಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು. ಅಂಗಿಯ ತೋಳಿಗೆ ಸೀಮೆಸುಣ್ಣದ ಪುಡಿ ಹಾಗೇ ಇತ್ತು. ಒಳಗೆ ಹೋದ ಡಾಕ್ಟರ್ ಹೊರಬರುವ ತನಕ ನಾವಿಬ್ಬರೂ ಎದುರುಬದುರು ಕುಳಿತೆವು. “ಹೆಂಗ ಗೊತ್ತಾತು?” ಎಂದು ಅವರು ಕೇಳಿದರು. ಎರಡು ಮಾನಿಟರ್ ಜೋಡಿಸಿ ಪರೀಕ್ಷೆ ಮಾಡುತ್ತಿದ್ದೆವು ಎಂದು ಹೇಳಿದೆ. ಅವರಿಗೆ ಅರ್ಥವಾದಂತೆ ಕಾಣಲಿಲ್ಲ. ನನಗೂ ಅದು ನಂಬಲಾಗದ ಮಾತಿನಂತೆಯೇ ಕೇಳಿಸುತ್ತಿತ್ತು. ಸಿಸ್ಟರ್ ಕುಳಿತಿದ್ದರೆ? ಕೇಬಲ್ಲಿನ ಸೂಜಿಗೆ ಸೋತು ನಾನು ಕೆಲಸ ಮುಂದೂಡಿದ್ದರೆ?

ಗಡ್ಡೆ ಇತ್ತು. ಮಿದುಳಿನ ಹೊದಿಕೆಯಿಂದ ಬೆಳೆದದ್ದು, ನಿಂಬೆಹಣ್ಣಿಗಿಂತ ದೊಡ್ಡದು. ಕ್ಯಾನ್ಸರಿನಂತೆ ಕಾಣುವುದಿಲ್ಲ, ಬಹಳ ವರ್ಷಗಳಿಂದ ನಿಧಾನಕ್ಕೆ ಬೆಳೆದಿರಬೇಕು ಎಂದು ಅಲ್ಲಿನವರು ಹೇಳಿದರು. ತಡ ಮಾಡಿದರೆ ಮೊದಲು ದೃಷ್ಟಿ, ಆಮೇಲೆ ಜೀವ. ಡಾಕ್ಟರ್ ಆ ಚಿತ್ರವನ್ನು ಬೆಳಕಿಗೆ ಹಿಡಿದು, “ಇಷ್ಟ ದೊಡ್ಡದಾಗೂತನಕ ನನ್ನ ಕೂಡ ಇತ್ತು ನೋಡ್ರಿ” ಎಂದು ಗಂಡನಿಗೆ ಹೇಳಿದರು. ಅವರ ಯಜಮಾನರು ಚಿತ್ರವನ್ನು ತೆಗೆದುಕೊಂಡು ಲಕೋಟೆಯೊಳಗೆ ಹಾಕಿಬಿಟ್ಟರು.

ಅವರನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ತಿಕೋಟಾದ ಕೋಣೆಗೆ ಬೀಗ ಬಿತ್ತು. ನಾನು ಅಂಗಡಿಯಲ್ಲಿ ಕುಳಿತರೂ ಯಾವ ಮಾನಿಟರ್ ಚಾಲೂ ಮಾಡಿದರೂ ಮೊದಲು ಅದರ ಅಂಚುಗಳನ್ನೇ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಸಿಸ್ಟರ್ ಫೋನ್ ಮಾಡಿದರು.

“ಅಕ್ಕಾರ, ಆ ಗ್ವಾಡಿ ಮ್ಯಾಗಿಂದು ತಕ್ಕೊಂಡ ಹೋಗ್ರಿ. ಕಸಾ ಹೊಡ್ಯಾಕ ಒಳಗ ಹೋದ್ರ ಅದನ್ನ ನೋಡಿ ಎದಿ ಧಸಕ್ಕ ಅಂತೈತಿ. ಬಾಯಾರಂಥಾವ್ರ ಹಂಗ ಅಂಜಿದ್ರು. ನಮ್ಮ ಹಳ್ಳಿ ಮಂದಿ ತಡಕೋತಾರೇನ್ರಿ?”

ಅವರ ಮಾತು ಸರಿ ಎನಿಸಿತು. ಹೋದೆ. ಗೋಡೆಯ ಸ್ಕ್ರೂಗಳನ್ನು ಬಿಚ್ಚುತ್ತಿರುವಾಗ ಸಿಸ್ಟರಿನ ಫೋನ್ ರಿಂಗಾಯಿತು. ಹುಬ್ಬಳ್ಳಿಯಿಂದ ಡಾಕ್ಟರ್. ಮರುದಿನ ಆಪರೇಷನ್ ಇತ್ತು. ಸಿಸ್ಟರ್ ಒಂದಿಷ್ಟು ಮಾತಾಡಿ, ಕಣ್ಣೊರೆಸಿಕೊಂಡು, ಫೋನನ್ನು ನನಗೆ ಕೊಟ್ಟರು.

“ಏನ್ ಮಾಡಾಕತ್ತಿ ಅಲ್ಲೆ?”

ಸುಳ್ಳು ಹೇಳಲಿಲ್ಲ. “ಸ್ಕ್ರೀನ್ ತಗ್ಯಾಕತ್ತೇನ್ರಿ.”

“ತಗೀಬ್ಯಾಡ” ಎಂದರು ಅವರು. “ನೋಡಿದ್ದಕ್ಕ ನಾ ಇವತ್ತ ಇಲ್ಲೆ ಅದೀನಿ. ಆದ್ರ ಒಂದ ಮಾತು. ನೋಡ್ತೀರೇನ್ರಿ ಅಂತ ನನ್ನ ಯಾರೂ ಕೇಳಲಿಲ್ಲ. ಒಮ್ಮಿಂದೊಮ್ಮೆಲೆ ಮುಂದ ಬಂದ ನಿಂತಿತು. ಹಂಗ ಆಗಬಾರದು. ಕೇಳಿದ ಮ್ಯಾಲ ಕಾಣಬೇಕು. ಅಂಥಾದ್ದ ಏನರ ಮಾಡಾಕ ಬರತೈತೇನು?”

“ಬರತೈತ್ರಿ” ಎಂದೆ. ಈ ಸಲ ಅರ್ಧ ತಾಸಿನ ಕೆಲಸ ಎನ್ನಲಿಲ್ಲ.

ಬಿಚ್ಚಿದ ಸ್ಕ್ರೂಗಳನ್ನು ಮತ್ತೆ ಬಿಗಿದೆ. ಅಂದು ಕಿತ್ತಿಟ್ಟಿದ್ದ ಕೇಬಲ್ ಹಚ್ಚಿ, ಕುಗ್ಗಿಸುವ ಆಜ್ಞೆಯನ್ನೂ ಮತ್ತೆ ಬರೆದೆ. ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ರೋಗಿಯ ಮಾನಿಟರ್ ಬಂದ್, ಇನ್ನೊಂದು ಸಲ ಒತ್ತಿದರೆ ಚಾಲೂ, ಇಷ್ಟೇ ಆಗಬೇಕಾದ್ದು. ಮೊದಲು ಆ ಕಿಂಡಿಯನ್ನೇ ಬಂದ್ ಮಾಡುವ ಆಜ್ಞೆ ಬರೆದೆ. ಪ್ರತಿ ಸಲ ಒತ್ತಿದಾಗಲೂ ಡಾಕ್ಟರ ಮಾನಿಟರೂ ಕಣ್ಣು ಮಿಟುಕಿಸಿ, ಕ್ಯಾಮೆರಾದ ಚಿತ್ರ ಹಾರಿಹೋಗಿ, ಎಲ್ಲವನ್ನೂ ಮೊದಲಿನಿಂದ ತೆರೆಯಬೇಕಾಯಿತು. ಪರೀಕ್ಷೆಯ ನಡುವೆ ಹಾಗಾದರೆ ಆ ಗಲಿಬಿಲಿಯೇ ರೋಗಿಯನ್ನು ಹೆದರಿಸಲು ಸಾಕು. ಬಹಳ ಹೊತ್ತು ಒದ್ದಾಡಿದ ಮೇಲೆ ಹೊಳೆಯಿತು: ಬಂದ್ ಮಾಡಬೇಕಾಗಿಯೇ ಇಲ್ಲ. ಚಿತ್ರ ಹೋಗುತ್ತಲೇ ಇರಲಿ, ಆ ಒಂದು ಮಾನಿಟರಿನ ಬೆಳಕನ್ನು ಮಾತ್ರ ಸೊನ್ನೆಗೆ ಇಳಿಸಿದರಾಯಿತು. ಹಾಗೆ ಮಾಡಿದಾಗ ಡಾಕ್ಟರ ಕಡೆ ಏನೂ ಅಲುಗಾಡಲಿಲ್ಲ. ಈ ಕಡೆ ದೀಪ ಆರಿದಂತೆ ಕಪ್ಪಾಯಿತು, ಒತ್ತಿದರೆ ಬೆಳಗಿತು. ಕಂಪ್ಯೂಟರ್ ಚಾಲೂ ಆದಾಗ ರೋಗಿಯ ಕಡೆ ಕಪ್ಪಾಗಿಯೇ ಇರಬೇಕು ಎಂದೂ ಬರೆದಿಟ್ಟೆ. ಗುಂಡಿಯ ಮೇಲೆ ಸಿಸ್ಟರ್ ಹಣೆಗೆ ಹಚ್ಚುವ ಒಂದು ಕೆಂಪು ಟಿಕಳಿ ಅಂಟಿಸಿದರು.

ಡಾಕ್ಟರ್ ಉಳಿದರು. ಗಡ್ಡೆ ಕ್ಯಾನ್ಸರಲ್ಲ ಎನ್ನುವುದೂ ಖಾತ್ರಿಯಾಯಿತು. ಆದರೆ ನರ ಬಹಳ ದಿನ ಬಾತಿದ್ದಕ್ಕೆ ಎಡಬದಿಯ ಕೆಳಗಿನ ನೋಟ ಪೂರ್ತಿ ಮರಳಲಿಲ್ಲ. ಆಪರೇಷನ್ ಮಾಡುವುದನ್ನು ಅವರು ಬಿಟ್ಟರು. ಕಾರು ಹೊಡೆಯುವುದನ್ನೂ ಬಿಟ್ಟರು. ರೋಗಿಗಳನ್ನು ನೋಡುವುದನ್ನು ಮಾತ್ರ ಬಿಡಲಿಲ್ಲ.

ತಿಕೋಟಾದಲ್ಲಿ ಅವರು ಮತ್ತೆ ಕುಳಿತ ಮೊದಲ ದಿನ ಏನಾದರೂ ಕೈಕೊಟ್ಟರೆ ಇರಲಿ ಎಂದು ನಾನೂ ಹೋಗಿದ್ದೆ. ತಲೆಗೆ ಸೆರಗು ಹೊದ್ದಿದ್ದರು. ಮೇಜಿನ ಎಡಕ್ಕಿದ್ದ ಸಾಮಾನನ್ನೆಲ್ಲ ಸಿಸ್ಟರ್ ಮೊದಲೇ ಬಲಕ್ಕೆ ಸರಿಸಿದ್ದರು. ಕಳ್ಳಕವಟಗಿಯ ಒಬ್ಬ ಮುದುಕಿ ಒಳಗೆ ಬಂದಳು. ಬಹಳ ದಿನದ ಸಕ್ಕರೆ ಬೇನೆ. ಗದ್ದ ಊರಿದಳು. ಸಿಸ್ಟರ್ ಒಂದೊಂದೇ ಕಣ್ಣು ಹಿಡಿದರು. ಡಾಕ್ಟರ್ ತಮ್ಮ ಮಾನಿಟರನ್ನು, ತಲೆ ಅತ್ತಿತ್ತ ತಿರುಗಿಸಿ, ಮೂಲೆ ಮೂಲೆ ನೋಡಿದರು. ಗೋಡೆಯ ಮಾನಿಟರ್ ಕಪ್ಪಾಗಿತ್ತು. ಸಿಸ್ಟರಿನ ಬೆರಳು ಗುಂಡಿಯ ಮೇಲಿತ್ತು.

“ಆಯಿ, ನಿನ್ನ ಕಣ್ಣ ಒಳಗ ಹೆಂಗೈತಿ ಅಂತ ನೀ ನೋಡ್ತಿಯೇನಬೇ?” ಎಂದು ಡಾಕ್ಟರ್ ಕೇಳಿದರು.

ಮುದುಕಿ ಅವರ ಮುಖವನ್ನೇ ದಿಟ್ಟಿಸಿದಳು. “ಕೆಟ್ಟದ್ದ ಏನರ ಕಾಣತೈತೇನವಾ?”

ಏನಿಲ್ಲ, ಗಾಬರಿ ಆಗಬೇಡ ಎನ್ನುತ್ತಾರೆ ಎಂದು ನಾನು ಎಣಿಸಿದ್ದೆ. “ಕಾಣತೈತಿ” ಎಂದರು ಅವರು. “ರಕ್ತ ಒಸರೈತಿ. ಔಷಧಾ ಐತಿ ಅದಕ್ಕ. ಆದ್ರ ನೋಡಿದ್ರ ನಿನಗ ಅಂಜಿಕಿ ಬರಬಹುದು. ಬ್ಯಾಡಂದ್ರ ತೋರ್ಸಂಗಿಲ್ಲ.”

ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡು ಯೋಚಿಸಿದಳು.

“ತೋರ್ಸು” ಎಂದಳು. “ನೀ ಒಬ್ಬಾಕೀನ ಯಾಕ ನೋಡಬೇಕು?”

ಸಿಸ್ಟರ್ ಗುಂಡಿ ಒತ್ತಿದರು. ಡಾಕ್ಟರ್ ತಮ್ಮ ಕುರ್ಚಿಯಿಂದ ಎದ್ದು, ಮೇಜನ್ನು ಕೈಯಿಂದ ಸವರಿ ಹಿಡಿಯುತ್ತ ಈ ಕಡೆಗೆ ಬಂದು, ಮುದುಕಿಯ ಪಕ್ಕದ ಸ್ಟೂಲಿನ ಮೇಲೆ ಕುಳಿತರು.